ಮೊದಲು ಮಷಿನ್ ಓಡಿಸಿ ತೋರಿಸಿ, ಆಮೇಲೆ ರೊಕ್ಕದ ಮಾತು

ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಕಟಿಂಗ್ ಆದ ಮಾಲು ಬರುತ್ತದೆ, ಹೊಲಿದು ವಾಷಿಂಗ್‌ಗೆ ಕಳಿಸುತ್ತೇವೆ. ಜಾಬ್ ವರ್ಕ್ ಅಂದರೆ ಗೊತ್ತಲ್ಲ, ಪೀಸಿಗೆ ಇಷ್ಟು ಅಂತ ರೇಟು. ಈ ರೇಟಿನಲ್ಲಿ ಹೊಸ ಮಷಿನ್ ಕೊಳ್ಳೋದು ಆಗದ ಮಾತು. ಬಾರ್‌ಟ್ಯಾಕ್, ಓವರ್‌ಲಾಕ್, ಕಾಜಾ ಮಷಿನ್ ಎಲ್ಲವೂ ನಮ್ಮಲ್ಲಿ ಸೆಕೆಂಡ್ ಹ್ಯಾಂಡೇ. ಮೊದಲು ಬ್ರೋಕರ್‌ಗಳು ತಂದುಕೊಡುತ್ತಿದ್ದರು. ಈಗ ಜಾಸ್ತಿ ಆನ್‌ಲೈನ್ ಜಾಹೀರಾತು ನೋಡಿಯೇ ಕೊಳ್ಳೋದು. ನಮ್ಮ ಹಳೇ ಮಷಿನ್ ಮಾರೋದೂ ಅಲ್ಲೇ.

ಅಲ್ಲಿ ನಿಜವಾದ ವ್ಯಾಪಾರಿಗಳೂ ಇದ್ದಾರೆ, ಕಳ್ಳರೂ ಇದ್ದಾರೆ. ಬೇರ್ಪಡಿಸೋಕೆ ನಾನು ಮಾಡೋದು ಇಷ್ಟೇ: ವಸ್ತು ಕೈಯಲ್ಲಿ ಇರುವವನಿಗೆ ಮಾತ್ರ ಮಾಡೋಕಾಗುವ ಒಂದು ಸಣ್ಣ ಕೆಲಸ ಹೇಳುತ್ತೇನೆ. ವಸ್ತು ಇದ್ದವನು ಗೊಣಗುತ್ತಾ ಆದರೂ ಮಾಡುತ್ತಾನೆ. ಇಲ್ಲದವನು ಕಥೆ ಹೇಳುತ್ತಾನೆ.

ಒಂದು ಬಾರ್‌ಟ್ಯಾಕ್ ಮಷಿನ್ ವಿಷಯ ಹೇಳುತ್ತೇನೆ. ಬೆಲ್ಟ್ ಲೂಪ್, ಜೇಬಿನ ಮೂಲೆ ಬಿಗಿ ಮಾಡುವ ಮಷಿನ್ ಅದು. ಬೆಂಗಳೂರು ಪೀಣ್ಯದಲ್ಲಿ ಫ್ಯಾಕ್ಟರಿ ಮುಚ್ಚಿದ್ದೇವೆ, ಅರ್ಜೆಂಟ್ ಮಾರಾಟ ಅಂತ ಹಾಕಿದ್ದರು. ರೇಟು ಮಾರ್ಕೆಟ್‌ಗಿಂತ ಅರ್ಧಕ್ಕೂ ಕಡಿಮೆ. ಫೋಟೋ ತುಂಬಾ ಚೆನ್ನಾಗಿತ್ತು. ನಾನು ಮಷಿನ್ ನೋಡೋ ಮೊದಲು ಅದರ ಹಿಂದಿನ ಗೋಡೆ ನೋಡುತ್ತೇನೆ. ಗೋಡೆಯ ಸಾಕೆಟ್ಟಿನಲ್ಲಿ ಎರಡು ಚಪ್ಪಟೆ ಪಿನ್ನಿನ ತೂತು ಕಂಡವು. ನಮ್ಮಲ್ಲಿ ಮೂರು ದುಂಡು ಪಿನ್ ಅಲ್ವಾ? ಪೀಣ್ಯದಲ್ಲಿ ಆ ಸಾಕೆಟ್ ಎಲ್ಲಿಂದ ಬಂತು? ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿದೆ. ಅದೇ ಫೋಟೋ ಯಾವುದೋ ಹೊರದೇಶದ ಮಷಿನ್ ಡೀಲರ್ ವೆಬ್‌ಸೈಟ್‌ನಲ್ಲಿ ಸಿಕ್ಕಿತು.

ಅಷ್ಟಕ್ಕೇ ಬಿಡಬಹುದಿತ್ತು. ಕೆಲವೊಮ್ಮೆ ನಿಜವಾದ ಮಾಲಿಕರೂ ಸೋಮಾರಿತನಕ್ಕೆ ಇಂಟರ್‌ನೆಟ್ ಫೋಟೋ ಹಾಕಿರುತ್ತಾರೆ. ಅದಕ್ಕೇ ಫೋನ್ ಮಾಡಿದೆ. ಮಾತು ಬಹಳ ಸವಿ. 'ಅಕ್ಕಾ, ಕಂಡಿಷನ್ ಟಾಪ್, ಕಣ್ಣು ಮುಚ್ಚಿ ತಗೊಳ್ಳಿ' ಅಂದ. ಕಣ್ಣು ಮುಚ್ಚಿ ತಗೊಳ್ಳಿ ಅನ್ನುವವನ ಹತ್ತಿರ ಕಣ್ಣು ದೊಡ್ಡದು ಮಾಡಬೇಕು. ನಾನು ಕೇಳಿದ್ದು ಮೂರೇ. ಮಷಿನ್ನಿನ ನೇಮ್ ಪ್ಲೇಟು ಸೀರಿಯಲ್ ನಂಬರ್ ಸಮೇತ ಕಾಣಬೇಕು. ದಪ್ಪ ಡೆನಿಮ್ ಬಟ್ಟೆ ನಾಲ್ಕು ಮಡಿಕೆ ಇಟ್ಟು ಒಂದು ಟ್ಯಾಕ್, ಅಂದರೆ ಬಿಗಿ ಹೊಲಿಗೆ, ಹಾಕಬೇಕು. ಪ್ಲೇಟಿನಿಂದ ಟ್ಯಾಕ್‌ವರೆಗೆ ಎಲ್ಲಾ ಒಂದೇ ವಿಡಿಯೋದಲ್ಲಿ, ನಡುವೆ ನಿಲ್ಲಿಸದೆ ಇರಬೇಕು, ಹಾಕುವಾಗ ನನ್ನ ಹೆಸರೂ ಇವತ್ತಿನ ತಾರೀಕೂ ಬಾಯಲ್ಲಿ ಹೇಳಬೇಕು.

ಯಾಕೆ ನಾಲ್ಕು ಮಡಿಕೆ? ತೆಳು ಬಟ್ಟೆ ಮೇಲೆ ಎಂಥ ಸವೆದ ಮಷಿನ್ನೂ ಓಡುತ್ತದೆ. ದಪ್ಪದ ಮೇಲೆ ಸೂಜಿ ಮುರಿಯುತ್ತಾ, ದಾರ ಹರಿಯುತ್ತಾ, ಹೊಲಿಗೆ ಜಿಗಿಯುತ್ತಾ ಅನ್ನೋದು ಗೊತ್ತಾಗುತ್ತದೆ. ಅಂದರೆ ಮೋಸವೂ ಗೊತ್ತಾಗುತ್ತದೆ, ಮಷಿನ್ ಹಾಳಾಗಿದ್ದರೆ ಅದೂ ಗೊತ್ತಾಗುತ್ತದೆ. ಮೊಬೈಲ್ ಕೊಳ್ಳುವವರು ಕ್ಯಾಮೆರಾ ಆನ್ ಮಾಡಿಸಿ, ಫ್ರಿಜ್ ಕೊಳ್ಳುವವರು ಹಿಂದಿನ ಕಂಪ್ರೆಸರ್ ಶಬ್ದ ಕೇಳಿಸಿಕೊಳ್ಳಿ. ವಸ್ತುವಿಗೆ ತಕ್ಕ ಕೆಲಸ ನೀವೇ ಹುಡುಕಿ. ಎಲ್ಲರೂ ಕೇಳುವ ಮಾಮೂಲಿ ವಿಡಿಯೋ ಕೇಳಿದರೆ ಅದನ್ನು ಎಲ್ಲಿಂದಲೋ ಎತ್ತಿ ಇಟ್ಟುಕೊಂಡಿರುತ್ತಾರೆ.

ಅವನು ವಿಡಿಯೋ ಕಳಿಸಲಿಲ್ಲ. ಕರೆಂಟ್ ಇಲ್ಲ ಅಂದ. ಆಮೇಲೆ, 'ಬೇರೆ ಪಾರ್ಟಿ ಬರ್ತಾ ಇದೆ, 5,000 ಟೋಕನ್ ಹಾಕಿದ್ರೆ ನಿಮಗೇ ಇಡ್ತೀನಿ' ಅಂದ. ನಮ್ಮ ಕಡೆಯವರೊಬ್ಬರು ಪೀಣ್ಯದಲ್ಲೇ ಇದ್ದಾರೆ, ಸಂಜೆ ಬಂದು ನೋಡಿ ಅಲ್ಲೇ ಕೈಗೆ ರೊಕ್ಕ ಕೊಡುತ್ತಾರೆ ಅಂದೆ. ಆಗ ಮಷಿನ್ ತುಮಕೂರಿನ ಗೋಡೌನಿಗೆ ಹೋಗಿಬಿಟ್ಟಿತ್ತು! ತುಮಕೂರಿಗೂ ಬರುತ್ತಾರೆ ಅಂದದ್ದಕ್ಕೆ ಫೋನ್ ಕಟ್. ಆಮೇಲೆ ವಾಟ್ಸಾಪ್‌ನಲ್ಲೂ ಬ್ಲಾಕ್.

ನೋಡೋಕೆ ಮುಂಚೆ ಟೋಕನ್ ಕೊಡೋದೇ ಇಲ್ಲ. ಈ ಒಂದು ವಿಷಯದಲ್ಲಿ ನಾನು ಹಟಮಾರಿ. ಇದರಿಂದ ಒಳ್ಳೆ ಮಷಿನ್ ಒಂದೆರಡು ಕೈತಪ್ಪಿವೆ, ಅದಕ್ಕೆ ಬೇಜಾರಿಲ್ಲ.

ದೂರದ ಊರಿನಿಂದ ಮಾಲು ಬರೋದಾದರೆ ಲಾರಿ ಪಾರ್ಸೆಲ್. ಮಾರುವವನು ಬುಕ್ ಮಾಡಿ ಎಲ್‌ಆರ್, ಅಂದರೆ ಲಾರಿ ರಸೀದಿಯ, ಫೋಟೋ ಕಳಿಸುತ್ತಾನೆ. 'ಮಾಲು ಹೊರಟಿದೆ, ಬಾಕಿ ಹಾಕಿ' ಅಂತಾನೆ. ಕಂಪ್ಯೂಟರ್‌ನಲ್ಲಿ ಎಲ್‌ಆರ್ ತಯಾರಿಸೋದು ಈಗ ಮಕ್ಕಳಾಟ. ರಸೀದಿ ಮೇಲೆ ಇರುವ ಫೋನ್ ನಂಬರಿಗೆ ನಾನು ಫೋನ್ ಮಾಡೋದಿಲ್ಲ, ಆ ನಂಬರೂ ಅವರದ್ದೇ ಇರಬಹುದು. ಆ ಟ್ರಾನ್ಸ್‌ಪೋರ್ಟ್‌ನವರ ಬಳ್ಳಾರಿ ಆಫೀಸಿಗೆ ನೇರವಾಗಿ ಹೋಗಿ ಎಲ್‌ಆರ್ ನಂಬರ್ ಹೇಳಿ ವಿಚಾರಿಸುತ್ತೇನೆ. ಬುಕ್ ಆಗಿದ್ದರೆ ಅವರ ಸಿಸ್ಟಮ್‌ನಲ್ಲಿ ಕಾಣುತ್ತದೆ. ಬಳ್ಳಾರಿಯಲ್ಲಿ ಆಫೀಸೇ ಇಲ್ಲದ ಟ್ರಾನ್ಸ್‌ಪೋರ್ಟ್ ಆದರೆ ನನಗೆ ಬೇಡ. ಬಾಡಿಗೆ ಟು ಪೇ ಹಾಕಿಸುತ್ತೇನೆ, ಮಾಲು ಬಂದ ಮೇಲೆ ಇಲ್ಲೇ ಕಟ್ಟೋದು.

ದಾರ, ಜಿಪ್, ಬಟನ್ನು ಇಂಥವಕ್ಕೆ ಹೋಲ್‌ಸೇಲ್‌ನವರು ಇರುತ್ತಾರೆ. ಅವರ ಮೊದಲ ಮಾತೇ 'ಜಿಎಸ್‌ಟಿ ಬಿಲ್ ಕೊಡ್ತೀವಿ ಮೇಡಂ'. ಒಳ್ಳೆಯದು, ನಂಬರ್ ಕೊಡಿ ಅಂತೀನಿ. ಜಿಎಸ್‌ಟಿ ನಂಬರ್ 15 ಅಕ್ಷರ-ಅಂಕಿಗಳದ್ದು. ಮೊದಲ ಎರಡು ರಾಜ್ಯದ ಸಂಖ್ಯೆ. ಕರ್ನಾಟಕ 29, ಮಹಾರಾಷ್ಟ್ರ 27, ಗುಜರಾತ್ 24, ದೆಹಲಿ 07. ಸೂರತ್ ಅಂತ ಹೇಳಿ 07 ಕೊಟ್ಟರೆ ಅಲ್ಲೇ ಒಂದು ಪ್ರಶ್ನೆ. ಮುಂದಿನ ಹತ್ತು ಅವರ ಪ್ಯಾನ್. ಅದರಲ್ಲಿ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನಲ್ಲಿ ಆರನೆಯದು, ಯಾರ ಹೆಸರಿನ ವ್ಯಾಪಾರ ಅಂತ ಹೇಳುತ್ತದೆ. ಪಿ ಇದ್ದರೆ ಒಬ್ಬ ವ್ಯಕ್ತಿ, ಎಫ್ ಇದ್ದರೆ ಪಾಲುದಾರರ ಫರ್ಮ್, ಸಿ ಇದ್ದರೆ ಕಂಪನಿ. ಪ್ರೈವೇಟ್ ಲಿಮಿಟೆಡ್ ಅಂತ ದೊಡ್ಡ ಬೋರ್ಡ್ ಹಾಕಿಕೊಂಡವನ ನಂಬರಿನಲ್ಲಿ ಪಿ ಇದ್ದದ್ದನ್ನು ನಾನು ನೋಡಿದ್ದೇನೆ.

ಆಮೇಲೆ ಆ ನಂಬರನ್ನು ಸರ್ಕಾರದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕುತ್ತೇನೆ. ಲಾಗಿನ್ ಬೇಕಿಲ್ಲ. ಮಾಲಿಕರ ಹೆಸರು, ಅಂಗಡಿ ಹೆಸರು, ವಿಳಾಸ, ನೋಂದಣಿ ತಾರೀಕು, ಚಾಲ್ತಿ ಇದೆಯಾ ರದ್ದಾಗಿದೆಯಾ ಎಲ್ಲಾ ಬರುತ್ತದೆ. ಇಪ್ಪತ್ತು ವರ್ಷದ ಅಂಗಡಿ ಅನ್ನುವವರ ನೋಂದಣಿ ಹೋದ ತಿಂಗಳದ್ದಾದರೆ ಹುಷಾರಾಗಬೇಕು. ಇಲ್ಲೂ ಒಂದು ತೊಡಕಿದೆ. ಯಾರದೋ ಒಳ್ಳೆ ಅಂಗಡಿಯ ನಂಬರನ್ನು ಕದ್ದು ಕೊಡುತ್ತಾರೆ. ಅದಕ್ಕೇ ಕೊನೆಯ ತಾಳೆ ರೊಕ್ಕ ಹಾಕುವಾಗ. ಯುಪಿಐನಲ್ಲಿ ಪಿನ್ ಹಾಕುವ ಮೊದಲು ಬ್ಯಾಂಕಿನಲ್ಲಿರುವ ಹೆಸರು ಪರದೆ ಮೇಲೆ ಬರುತ್ತದೆ. ಅದು ಪೋರ್ಟಲ್‌ನಲ್ಲಿ ಕಂಡ ಅಂಗಡಿ ಹೆಸರೋ ಮಾಲಿಕರ ಹೆಸರೋ ಆಗಿರಬೇಕು. 'ನಮ್ಮ ಅಕೌಂಟೆಂಟ್ ನಂಬರ್ ಅದು, ಹಾಕಿ ಪರವಾಗಿಲ್ಲ' ಅಂದರೆ ನಾನು ಹಾಕೋದಿಲ್ಲ.

ಮಾರುವಾಗಿನ ಮೋಸ ಬೇರೆ ಥರ. ಹಳೇ ಸಿಂಗಲ್ ನೀಡಲ್ ಮಷಿನ್ ಮಾರೋಕೆ ಹಾಕಿದರೆ ಸಾಕು, ಸ್ವಲ್ಪ ಹೊತ್ತಿಗೇ ಹಿಂದಿಯಲ್ಲಿ ಫೋನ್. ತಾನು ಫೌಜಿ, ಅಂದರೆ ಸೈನಿಕ, ಈಗ ಪೋಸ್ಟಿಂಗ್ ಇಲ್ಲೇ, ಮಷಿನ್ ಹೆಂಡತಿಗೆ ಬೇಕು. ರೇಟು ಕೇಳೋದಿಲ್ಲ, ಚೌಕಾಸಿ ಇಲ್ಲ. ಬಳ್ಳಾರಿಯಲ್ಲಿ ಚೌಕಾಸಿ ಮಾಡದ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಐಡಿ ಕಾರ್ಡಿನ ಫೋಟೋ ಕಳಿಸುತ್ತಾನೆ, ಅದೂ ಯಾರದೋ ಪಾಪದವರದ್ದು. ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ, 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ರೊಕ್ಕ ನಿಮ್ಮ ಖಾತೆಗೆ ಬರುತ್ತೆ' ಅಂತ. ರೊಕ್ಕ ಬರೋಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನಮ್ಮ ಖಾತೆಯಿಂದ ಹೋಗುತ್ತದೆ, ಅಷ್ಟೇ. ನಾನು ಇಂಥವರಿಗೆ ಹೇಳುವ ಸಣ್ಣ ಕೆಲಸ: 'ಮನೆ ಕಡೆ ಬನ್ನಿ, ಮಷಿನ್ ನೋಡಿ, ಕ್ಯಾಶ್ ಕೊಟ್ಟು ಒಯ್ಯಿರಿ.' ಇವತ್ತಿನವರೆಗೆ ಒಬ್ಬ ಫೌಜಿಯೂ ಬಂದಿಲ್ಲ.

ಇನ್ನೊಂದು ಆಟ ಮೆಸೇಜಿನದು. 2,500 ಬದಲು 25,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ ಅಂತ ಅಳುತ್ತಾರೆ. ಫೋನಿಗೆ ಬ್ಯಾಂಕಿನ ಹಾಗೇ ಕಾಣುವ ಮೆಸೇಜ್ ಬಂದಿರುತ್ತದೆ. ಬ್ಯಾಂಕಿನ ಮೆಸೇಜ್ ಹತ್ತಂಕಿ ಮೊಬೈಲ್ ನಂಬರಿನಿಂದ ಬರೋದಿಲ್ಲ. ನಿಜವಾದದ್ದರ ಮೇಲೆ ಇಂಗ್ಲಿಷ್ ಅಕ್ಷರದ ಹೆಸರಿರುತ್ತದೆ, ಕೊನೆಯಲ್ಲಿ ಅಡ್ಡಗೆರೆ ಆದ ಮೇಲೆ ಎಸ್, ಟಿ, ಪಿ, ಜಿ ಈ ಥರ ಒಂದು ಅಕ್ಷರ. ಅದನ್ನೂ ನಂಬಿ ಕೂರಬೇಡಿ. ಬ್ಯಾಂಕ್ ಆ್ಯಪ್ ತೆಗೆದು ಬ್ಯಾಲೆನ್ಸ್ ನೋಡಿ.

ಮನೆಗೆ ಬರುವ ಪಾರ್ಸೆಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ನಮ್ಮ ಅತ್ತೆಗೆ ಒಂದೇ ಮಾತು ಹೇಳಿಟ್ಟಿದ್ದೇನೆ: ಬುಕ್ ಮಾಡಿದವರು ಮನೆಯಲ್ಲಿ ಇಲ್ಲ ಅಂದರೆ ರೊಕ್ಕ ಕೊಟ್ಟು ಯಾವ ಪಾರ್ಸೆಲ್ಲೂ ತಗೋಬೇಡಿ, ಒಂದು ಫೋನ್ ಮಾಡಿ. ಡೆಲಿವರಿ ಹುಡುಗ ಬೈದರೂ ಪರವಾಗಿಲ್ಲ. ದುಬಾರಿ ವಸ್ತು ಆದರೆ ಓಪನ್ ಬಾಕ್ಸ್ ಡೆಲಿವರಿ ಆರಿಸಿ, ಕಣ್ಣಾರೆ ನೋಡಿದ ಮೇಲೆಯೇ ಓಟಿಪಿ ಹೇಳಿ. ಆ ಸೌಲಭ್ಯ ಇಲ್ಲದಿದ್ದರೆ ಡಬ್ಬಿ ಮೇಲಿನ ಲೇಬಲ್‌ನಿಂದ ಶುರು ಮಾಡಿ, ಬಿಚ್ಚುವವರೆಗೆ ಒಂದೇ ವಿಡಿಯೋ ಮಾಡಿ.

'ಕೊರಿಯರ್ ಬಂದಿದೆ, ವಿಳಾಸ ಸಿಗ್ತಿಲ್ಲ, ಈ ನಂಬರ್ ಒತ್ತಿ' ಅಂತ 21 ರಿಂದ ಶುರುವಾಗುವ ಕೋಡ್ ಹೇಳುವ ಫೋನ್ ಬಂದರೆ ಒತ್ತಬೇಡಿ. ಒತ್ತಿದರೆ ನಿಮ್ಮ ಕಾಲ್‌ಗಳೆಲ್ಲ ಅವರಿಗೆ ಹೋಗುತ್ತವೆ, ಫೋನ್‌ನಲ್ಲಿ ಹೇಳುವ ಓಟಿಪಿಯೂ ಸೇರಿ. ನಮ್ಮ ಓವರ್‌ಲಾಕ್ ಹುಡುಗ ಒತ್ತಿಬಿಟ್ಟಿದ್ದ. ##002# ಡಯಲ್ ಮಾಡಿಸಿದೆ, ಫಾರ್ವರ್ಡ್ ಎಲ್ಲಾ ರದ್ದಾಯಿತು. ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಅಂತೂ ಮುಟ್ಟಲೇಬೇಡಿ. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆಯಾ ಆ್ಯಪ್ ಒಳಗಿಂದಲೇ ತಗೊಳ್ಳಿ.

ಯೂನಿಟ್ಟಿನ ಹುಡುಗರು ಸೆಕೆಂಡ್ ಹ್ಯಾಂಡ್ ಮೊಬೈಲು, ಬೈಕು ಕೊಳ್ಳುವ ಮೊದಲು ಈಗ ನನಗೆ ತೋರಿಸುತ್ತಾರೆ. ಮೊಬೈಲ್‌ನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಫೋನಿನ ಜಾತಕ ಬರುತ್ತದೆ. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಅಂತ ಬಂದರೆ ವಾಪಸ್ ಕೊಟ್ಟು ಬನ್ನಿ. ಬೈಕಾದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಸಾಲ ಬಾಕಿ ಇದೆಯಾ, ಇನ್ಶೂರೆನ್ಸ್ ಇದೆಯಾ ನೋಡಬೇಕು. ನಮ್ಮ ಕೆಎ-34, ಕೊಪ್ಪಳದ ಕೆಎ-37, ರಾಯಚೂರಿನ ಕೆಎ-36 ಯಾವುದೇ ಇರಲಿ. ಫೈನಾನ್ಸ್ ಇದ್ದರೆ ಸಾಲ ತೀರಿದ ಪತ್ರವೂ ಫಾರಂ 35 ಕೂಡ ಬೇಕು, ಹೆಸರು ಬದಲಿಸೋಕೆ ಫಾರಂ 29, 30. 'ಆಮೇಲೆ ಕೊಡ್ತೀನಿ' ಅನ್ನುವವನಿಗೆ ರೊಕ್ಕವನ್ನೂ ಆಮೇಲೆ ಕೊಡಿ.

ಇಷ್ಟಾದರೂ ರೊಕ್ಕ ಹೋದರೆ? ಪರಿಚಯದ ವಾಷಿಂಗ್ ಯೂನಿಟ್ ಮಾಲಿಕರೊಬ್ಬರು ಬಾಯ್ಲರ್‌ನ ಒಂದು ಪಾರ್ಟ್ ಕೊಳ್ಳೋಕೆ ಅಡ್ವಾನ್ಸ್ ಹಾಕಿ ಸಿಕ್ಕಿಬಿದ್ದರು. ರಾತ್ರಿಯೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರು. ರೊಕ್ಕ ಆ ಹೊತ್ತಿಗೆ ಎರಡು ಮೂರು ಖಾತೆ ದಾಟಿತ್ತು, ಕೊನೆಯ ಖಾತೆಯಲ್ಲಿ ಉಳಿದದ್ದು ಹೋಲ್ಡ್ ಆಯಿತು. ಬೆಳಿಗ್ಗೆವರೆಗೆ ಕಾದಿದ್ದರೆ ಅದೂ ಇರುತ್ತಿರಲಿಲ್ಲ ಅಂತ ಠಾಣೆಯಲ್ಲೇ ಹೇಳಿದರಂತೆ. ಫೋನ್ ಮಾಡುವಾಗ ಯುಪಿಐ ವ್ಯವಹಾರದ 12 ಅಂಕಿಯ ನಂಬರ್ ಕೈಯಲ್ಲಿರಲಿ. ಆಮೇಲೆ ಕೇಂದ್ರದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ದೂರು, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲಿ ದೂರು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಆ ಠಾಣೆ ಇದೆ.

ಕಳ್ಳತನ ಅಲ್ಲದೆ ಬರೀ ಕೆಟ್ಟ ಮಾಲು ಬಂದು ವಾಪಸ್ ತಗೊಳ್ಳದಿದ್ದರೆ ದಾರಿ ಬೇರೆ, 1915ಕ್ಕೆ ಮಾಡಿ, ಗ್ರಾಹಕ ಸಹಾಯವಾಣಿ ಅದು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕಂಪನಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ಕೇಸಿಗೆ ಫೀಸಿಲ್ಲ. ಎಲ್ಲಿಗೆ ಹೋದರೂ ಮೊದಲು ಜಾಹೀರಾತು, ಚಾಟ್, ಮಾರುವವನ ಪ್ರೊಫೈಲ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸಿಟ್ಟಿನಲ್ಲಿ ರಿಪೋರ್ಟ್ ಒತ್ತಿದರೆ ಜಾಹೀರಾತು ಮಾಯವಾಗುತ್ತದೆ, ಆಮೇಲೆ ಪೊಲೀಸರಿಗೆ ತೋರಿಸೋಕೆ ನಿಮ್ಮ ಹತ್ತಿರ ಏನೂ ಉಳಿದಿರೋದಿಲ್ಲ.