ಬೋಟು ನಿಲ್ಲುವ ಎರಡು ತಿಂಗಳಲ್ಲಿ ತಂಡ ಕಟ್ಟಿದ್ದು: ನನ್ನ ಅನುಭವ

ಹೋದ ಸೀಸನ್‌ನಲ್ಲಿ ನಮ್ಮ ಫುಟ್‌ಬಾಲ್ ತಂಡ ಜಿಲ್ಲಾ ಲೀಗ್‌ನ ಕೆಳಗಿನ ಡಿವಿಷನ್‌ನಿಂದ ಒಂದು ಮೆಟ್ಟಿಲು ಮೇಲೆ ಬಂತು. ಪಂದ್ಯಕ್ಕೆ ಇಷ್ಟು ಎಂದು ದುಡ್ಡು ಕೊಟ್ಟು ಹೊರಗಿನಿಂದ ತರುವ ಗೆಸ್ಟ್ ಆಟಗಾರ ಅಂತ ಒಬ್ಬನನ್ನೂ ಕರೆಸಲಿಲ್ಲ. ಆಡಿದ ಹನ್ನೊಂದು ಮಂದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು ಮಂಗಳೂರಿನ ದಕ್ಕೆಯಲ್ಲಿ (ಮೀನುಗಾರಿಕಾ ಬಂದರು) ದುಡಿಯುವವರು, ಇಲ್ಲವೇ ಪರ್ಸಿನ್ ಬೋಟಿಗೆ (ದೊಡ್ಡ ಸುತ್ತುಬಲೆ ಹಾಕುವ ಮೀನಿನ ಬೋಟು) ಹೋಗುವವರು. "ದಕ್ಕೆ ಹುಡುಗರನ್ನು ನಂಬಿ ಲೀಗ್ ಆಡ್ಲಿಕ್ಕೆ ಆಗ್ತದಾ ಮಾರಾಯ್ರೆ? ಆಗಸ್ಟ್ ಬಂದ್ರೆ ಎಲ್ಲ ಕಡಲಿಗೆ ಹೋಗ್ತಾರೆ" ಎಂದವರು ಬಹಳ ಮಂದಿ. ಅವರಲ್ಲೇ ಕೆಲವರು ಈಗ ಫೋನ್ ಮಾಡಿ ಹೇಗೆ ಮಾಡಿದ್ರಿ ಎಂದು ಕೇಳುತ್ತಾರೆ. ಹೊಸ ಸೀಸನ್ ಹತ್ತಿರ ಬಂದಿದೆ. ಆದ್ದರಿಂದ ಬರೆದುಬಿಡುತ್ತೇನೆ. ತಂಡ ನಡೆಸುವವರಿಗೇ ಬರೆಯುತ್ತಿರುವುದರಿಂದ ವಾರ್ಮ್ ಅಪ್ ಹೇಗೆ, ಫಾರ್ಮೇಶನ್ ಯಾವುದು ಎಂದೆಲ್ಲ ಹೇಳುವುದಿಲ್ಲ.

ಮೊದಲು ದುಡ್ಡಿನ ವಿಷಯ. ಅದಕ್ಕಿಂತ ಮುಂಚಿನ ಕೆಲವು ಸೀಸನ್ ನಮ್ಮ ಕ್ಲಬ್ಬಿನಲ್ಲೂ ಗೆಸ್ಟ್ ಪದ್ಧತಿಯೇ ಇತ್ತು. ಗಡಿಯಾಚೆ ಕೇರಳದಲ್ಲಿ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್, ಸೀಸನ್ ನವೆಂಬರ್‌ನಿಂದ ಮೇ ತನಕ ಜೋರು. ಮಳೆಗಾಲದಲ್ಲಿ ಅಲ್ಲಿನವರು ಖಾಲಿ ಇರುತ್ತಾರೆ, ಕರೆದರೆ ಬರುತ್ತಾರೆ. ಒಬ್ಬನಿಗೆ ಒಂದು ಪಂದ್ಯಕ್ಕೆ ಎರಡು ಸಾವಿರದ ಆಸುಪಾಸು, ರೈಲಿನ ಖರ್ಚು, ರಾತ್ರಿಯ ಊಟ ಬೇರೆ. ಮೂರು ಜನ ಬಂದರೆ ಒಂದು ಪಂದ್ಯಕ್ಕೆ ಏಳೆಂಟು ಸಾವಿರ ಹೋಯಿತು. ಸೀಸನ್ ಮುಗಿಯುವಾಗ 70 ಸಾವಿರದ ಹತ್ತಿರ ಬಂದು ನಿಲ್ಲುತ್ತಿತ್ತು. ಅವರ ಕಾಲಿನ ಕೆಲಸ ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲದೆ ಆಡಿ ರೂಢಿಯಾದವರು ದೊಡ್ಡ ಮೈದಾನಕ್ಕೆ ಬಂದರೆ ಲೈನ್ ಹಿಡಿಯುವುದೇ ಇಲ್ಲ. ಸ್ಟ್ರೈಕರ್ ಆಗಿ ಬಂದ ಗೆಸ್ಟ್ ಹತ್ತು ಸಲ ಓಡಿದರೆ ಆರು ಸಲ ಆಫ್‌ಸೈಡ್ ಧ್ವಜ ಮೇಲೆ. ಅದಕ್ಕಿಂತ ದೊಡ್ಡ ನಷ್ಟ ನಮ್ಮದೇ ಹುಡುಗರದ್ದು. ವಾರವಿಡೀ ಅಭ್ಯಾಸಕ್ಕೆ ಬಂದವನು ಪಂದ್ಯದ ದಿನ ಬೆಂಚಿನಲ್ಲಿ ಕೂತರೆ ಮುಂದಿನ ವಾರ ಬರುವುದಿಲ್ಲ. ಬರಬೇಕಾದರೂ ಯಾಕೆ?

ಆ 70 ಸಾವಿರವನ್ನು ಬೇರೆ ಕಡೆ ತಿರುಗಿಸಬೇಕು ಎಂದು ನನಗೆ ಹೊಳೆದದ್ದು ದಕ್ಕೆಯಲ್ಲಿ ನಿಂತಿದ್ದಾಗ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಸಾಲಾಗಿ ಕಟ್ಟಿರುತ್ತವೆ. ಹುಡುಗರು ಹಗಲು ಬಲೆ ರಿಪೇರಿ ಮಾಡುತ್ತಾರೆ, ಸಂಜೆ ಸುಮ್ನೆ ಇರುತ್ತಾರೆ. ಅಲುಗಾಡುವ ಬೋಟಿನ ಮೇಲೆ ನಿಂತು ಬಲೆ ಎಳೆದ ಕಾಲುಗಳು ಅವು. ಜಾರುವ ನೆಲದಲ್ಲಿ ಅಂಥವರು ಬೀಳುವುದಿಲ್ಲ. ನಮ್ಮ ಲೀಗ್ ನಡೆಯುವುದೇ ಒದ್ದೆ ನೆಲದಲ್ಲಿ. ನೆಹರೂ ಮೈದಾನದಲ್ಲಿ ಆಡಿದವರಿಗೆ ಆ ಕೆಂಪು ಕೆಸರು ಏನೆಂದು ಗೊತ್ತಿದೆ. ಉಳಿದವರೆಲ್ಲ ಮಳೆ ಕಡಿಮೆಯಾಗಲಿ ಎಂದು ಕಾಯುತ್ತಾರೆ, ಇಲ್ಲವೇ ಗಂಟೆಗೆ ಸಾವಿರ ಕೊಟ್ಟು ಟರ್ಫ್‌ನಲ್ಲಿ (ಕೃತಕ ಹುಲ್ಲಿನ ಮೈದಾನ) ಅಭ್ಯಾಸ ಮಾಡುತ್ತಾರೆ. ಟರ್ಫ್‌ನಲ್ಲಿ ಕಲಿತ ಪಾಸ್ ಕೆಸರಿನಲ್ಲಿ ಐದು ಅಡಿ ಹೋಗಿ ಸಾಯುತ್ತದೆ. ನಾನು ಜೂನ್ ಮೊದಲ ವಾರವೇ ಶುರು ಮಾಡಿದೆ, ಮಳೆಯಲ್ಲೇ, ಮಣ್ಣಿನಲ್ಲೇ.

ಮೊದಲ ತಿಂಗಳು ಸುಲಭವಾಗಿರಲಿಲ್ಲ. ನಿಷೇಧ ಇರುವುದು ಯಾಂತ್ರಿಕ ಬೋಟಿಗೆ, ನಾಡದೋಣಿಗೆ ಅಲ್ಲ. ಕಡಲು ಸ್ವಲ್ಪ ಶಾಂತವಾಗಿ ಸಿಗಡಿ ಬಂತು ಎಂಬ ಸುದ್ದಿ ಬಂದರೆ ಸಾಕು, ಸಂಜೆ ಮೈದಾನದಲ್ಲಿ ಏಳೇ ಜನ. ಒಮ್ಮೆ ಹಾಗೆ ಒಂದು ವಾರ ಪೂರ್ತಿ ಅಭ್ಯಾಸ ಕೈತಪ್ಪಿತು. ನಮ್ಮ ಕಮಿಟಿಯ ಒಬ್ಬರು "ಇದು ಆಗುವ ಕೆಲಸವಲ್ಲ, ಮೂರು ಗೆಸ್ಟ್ ಮಾತಾಡುವ" ಎಂದು ಆಗಲೇ ಹಟ ಹಿಡಿದಿದ್ದರು. ನಾನು ಒಪ್ಪಲಿಲ್ಲ. ಬಾರದವರನ್ನು ಬೈಯದೆ, ಬಂದ ಏಳು ಜನರನ್ನೇ ಇಟ್ಟುಕೊಂಡು ನಾಲ್ಕು-ಮೂರು ಆಡಿಸಿದೆ. ಕಡಲಿಗೆ ಹೋದವನು ತಿರುಗಿ ಬಂದಾಗ ಅವನ ಜಾಗ ಅಲ್ಲೇ ಇರುತ್ತದೆ ಎಂಬ ನಂಬಿಕೆ ಹುಟ್ಟಬೇಕಿತ್ತು. ಜುಲೈ ಹೊತ್ತಿಗೆ ದಿನಾ ಹದಿನೆಂಟು-ಇಪ್ಪತ್ತು ಜನ ಬರುತ್ತಿದ್ದರು.

ಒದ್ದೆ ನೆಲದ ಆಟವೇ ಬೇರೆ. ನೀರು ನಿಂತ ಜಾಗದಲ್ಲಿ ಚೆಂಡು ನಿಲ್ಲುತ್ತದೆ, ಅದರ ಪಕ್ಕದ ಗಟ್ಟಿ ಒದ್ದೆ ನೆಲದಲ್ಲಿ ಎರಡು ಪಟ್ಟು ಜೋರಾಗಿ ಜಾರುತ್ತದೆ. ಎರಡೂ ಒಂದೇ ಮೈದಾನದಲ್ಲಿ, ಹತ್ತು ಹೆಜ್ಜೆ ಅಂತರದಲ್ಲಿ. ಹಾಗಾಗಿ ಪಂದ್ಯದ ದಿನ ಮುಕ್ಕಾಲು ಗಂಟೆ ಮುಂಚೆ ಎಲ್ಲರೂ ಬೂಟು ಹಾಕಿ ಮೈದಾನ ಪೂರ್ತಿ ನಡೆಯಬೇಕು ಎಂದು ನಿಯಮ ಮಾಡಿದೆ. ಎಲ್ಲಿ ನೀರು ನಿಂತಿದೆ, ಎಲ್ಲಿ ಹಿಮ್ಮಡಿ ಹೂತುಹೋಗುತ್ತದೆ ಎಂದು ಪ್ರತಿಯೊಬ್ಬನೂ ಬಾಯಿಬಿಟ್ಟು ಹೇಳಬೇಕು. ಹಾಫ್ ಟೈಮ್‌ನಲ್ಲಿ ಮತ್ತೆ ಅದೇ, ಯಾಕೆಂದರೆ ಅಷ್ಟರಲ್ಲಿ ಗುಂಡಿಗಳು ಬದಲಾಗಿರುತ್ತವೆ. ಡಿಫೆಂಡರ್‌ಗಳಿಗೆ ಹಿಂದಕ್ಕೆ ನೆಲದ ಪಾಸ್ ಪೂರ್ತಿ ಬಂದ್. ಗೋಲ್‌ಕೀಪರ್‌ಗೆ ಜೋರು ಚೆಂಡು ಹಿಡಿಯಲು ಹೋಗಬೇಡ, ಬದಿಗೆ ತಳ್ಳು ಎಂದು ಎರಡು ತಿಂಗಳು ಹೇಳಿದೆ. ಸ್ಟ್ರೈಕರ್‌ಗಳಿಗೆ ಕೀಪರ್‌ನ ಮುಂದೆ ಒಂದು ಗಜ ದೂರದಲ್ಲಿ ಚೆಂಡು ನೆಲಕ್ಕೆ ಬೀಳುವಂತೆ ಹೊಡೆಸಿದೆ. ಕಾರ್ನರ್‌ನಲ್ಲಿ ನಾವು ನಿಲ್ಲುವ ಒಂದು ರೀತಿ ಇದೆ, ಅದರಿಂದಲೇ ನಾಲ್ಕೈದು ಗೋಲು ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ಈ ಸೀಸನ್‌ನಲ್ಲೂ ಅದು ನನಗೆ ಬೇಕು.

ಬೂಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ದುಡ್ಡು ಸೋರುವುದೇ ಅಲ್ಲಿ. ಎಂಟುನೂರು ರೂಪಾಯಿಯ ಬೂಟಿನ ಸೋಲ್ ನಮ್ಮ ಮಳೆಗೆ ಮೂರು ವಾರ ಬಾಳುವುದಿಲ್ಲ. ಅಂಟು ಬಿಡುತ್ತದೆ. ಹೊಸ ಬೂಟು ತಂದ ದಿನವೇ, ಒಮ್ಮೆಯೂ ಕಾಲಿಗೆ ಹಾಕುವ ಮೊದಲು, ಚಮ್ಮಾರರ ಹತ್ತಿರ ಸುತ್ತಲೂ ನೈಲಾನ್ ದಾರದಲ್ಲಿ ಹೊಲಿಸಿದೆವು. ಜೋಡಿಗೆ 120ರಿಂದ 150 ರೂಪಾಯಿ ಆಯಿತು. ಹೊಲಿಸಿದ ಬೂಟು ಸೀಸನ್ ಪೂರ್ತಿ ಬಂತು. ಒಣಗಿಸುವುದು ಇನ್ನೊಂದು ತಲೆನೋವು. ಬಚ್ಚಲ ಒಲೆಯ ಮೇಲೆ ಕಟ್ಟಿದವರ ಬೂಟು ಚಕ್ಕೆಯಾಗಿ ಒಡೆಯಿತು. ಪೇಪರ್ ತುರುಕಿ ಫ್ಯಾನ್ ಕೆಳಗೆ ಇಟ್ಟು, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿದವರದ್ದು ಉಳಿಯಿತು. ನಮ್ಮಲ್ಲಿ ಹಳೇ ಪೇಪರಿಗೆ ಕೊರತೆ ಇಲ್ಲ, ಮೀನು ಕಟ್ಟುವವರ ಹತ್ತಿರ ಕಟ್ಟುಗಟ್ಟಲೆ ಸಿಗುತ್ತದೆ.

ಚೆಂಡಿನಲ್ಲೂ ಹಾಗೆಯೇ. ಕೈಹೊಲಿಗೆಯ ಚೆಂಡು ಹೊಲಿಗೆಯ ಸಂದಿನಲ್ಲಿ ನೀರು ಕುಡಿದು ಭಾರವಾಗುತ್ತದೆ. ನಿಯಮದ ಪ್ರಕಾರ ಪಂದ್ಯ ಶುರುವಾಗುವಾಗ ಚೆಂಡು 410ರಿಂದ 450 ಗ್ರಾಂ ಇರಬೇಕು. ಒಂದು ಗಂಟೆ ಕೆಸರಿನಲ್ಲಿ ಉರುಳಿದ ನಮ್ಮ ಹಳೇ ಚೆಂಡನ್ನು ಮೀನಿನ ತಕ್ಕಡಿಯಲ್ಲಿಟ್ಟು ನೋಡಿದೆ. ಅರ್ಧ ಕಿಲೋ ದಾಟಿತ್ತು. ಆಮೇಲೆ ಬಿಸಿ ಅಂಟಿನಿಂದ ಕೂಡಿಸಿದ ಚೆಂಡು ನಾಲ್ಕು ತಂದೆವು, ಒಂದಕ್ಕೆ 1,800ರ ಹತ್ತಿರ. ಹೆಡರ್ ಮಾಡುವ ಹುಡುಗರ ತಲೆಗೂ ಅದೇ ಒಳ್ಳೆಯದು. ಆದರೂ ಹಳೇ ಭಾರದ ಚೆಂಡನ್ನು ಬಿಸಾಡಲಿಲ್ಲ. ವಾರಕ್ಕೊಮ್ಮೆ ಉದ್ದದ ಕಿಕ್‌ಗೆ ಅದನ್ನೇ ಕೊಡುತ್ತಿದ್ದೆ.

ಇವಲ್ಲದೆ ಬೇರೆ ಪ್ರಯೋಗಗಳೂ ನಡೆದವು. ಮೈದಾನದ ಅಭ್ಯಾಸ ಶುರುವಾಗುವ ಮುಂಚೆ, ಮೇ ಕೊನೆಯಲ್ಲಿ, ಮಳೆಗೆ ಮೊದಲು, ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟಿ ತಣ್ಣೀರುಬಾವಿ ಕಡಲತೀರದ ಮರಳಲ್ಲಿ ಓಡಿಸಿದೆ. ಒಣ ಮರಳಲ್ಲಿ ಓಡಿದವರಿಗೆಲ್ಲ ಹಿಮ್ಮಡಿಯ ಮೇಲಿನ ನರ ನೋವು ಬಂತು. ನೀರಿನ ಅಂಚಿನ ಗಟ್ಟಿ ಮರಳು ಒಳ್ಳೆಯದೇ, ಆದರೆ ಇಳಿಜಾರು ಇರುವುದರಿಂದ ಒಂದೇ ಕಾಲಿನ ಮೇಲೆ ಭಾರ ಬೀಳುತ್ತದೆ, ಹೋದ ದಾರಿಯಲ್ಲೇ ತಿರುಗಿ ಬರಿಸಬೇಕು. ಮತ್ತೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ವಾರ ಬೆಳಿಗ್ಗೆ ಆರಕ್ಕೆ ಸಿಕ್ಕಿದ ಮರಳು ಮುಂದಿನ ವಾರ ಆ ಹೊತ್ತಿಗೆ ನೀರಿನ ಕೆಳಗೆ. ಕೆಲಸಕ್ಕೆ ಹೋಗುವವರ ತಂಡಕ್ಕೆ ಅದು ಹೊಂದುವುದಿಲ್ಲ. ಬಿಟ್ಟೆ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟವಾದದ್ದು. ಪಂದ್ಯವನ್ನು ಮೇಲಿನಿಂದ ವಿಡಿಯೋ ಮಾಡಬೇಕು ಎಂದು ಆಸೆ. ಡ್ರೋನ್‌ಗೆ ದುಡ್ಡಿಲ್ಲ, ಮಳೆಯಲ್ಲಿ ಅದು ಹಾರುವುದೂ ಇಲ್ಲ. ಪುತ್ತೂರು ಕಡೆಯ ನಮ್ಮ ಸಂಬಂಧಿಕರ ತೋಟದಲ್ಲಿ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ (ಉದ್ದದ ಕೋಲು) ಇತ್ತು. ಅದರ ತುದಿಗೆ ಮೊಬೈಲ್ ಕ್ಲಾಂಪ್ ಕಟ್ಟಿ, ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಇಪ್ಪತ್ತು ಅಡಿ ಎತ್ತರಕ್ಕೆ ಏರಿಸಿದೆ. ಮೊದಲ ವಿಡಿಯೋದಲ್ಲಿ ಗಾಳಿಗೆ ಮೈದಾನವೇ ತೂಗಾಡುತ್ತಿತ್ತು. ಮೂರು ದಿಕ್ಕಿಗೆ ಬಲೆಯ ಹಗ್ಗ ಬಿಗಿದು ಕಟ್ಟಿದ ಮೇಲೆ ಸರಿಯಾಯಿತು. ಎಚ್ಚರಿಕೆ ಒಂದೇ, ಆದರೆ ದೊಡ್ಡದು: ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ವಿದ್ಯುತ್ ತಂತಿ ಹತ್ತಿರ ಇರುವ ಕಡೆ ಎತ್ತಲೇಬಾರದು, ಗುಡುಗಿನ ಸದ್ದು ಕೇಳಿದ ಕೂಡಲೇ ಇಳಿಸಬೇಕು. ಅಭ್ಯಾಸದ ಮೈದಾನದ ಒಂದು ಬದಿಯಲ್ಲಿ ತಂತಿ ಇದ್ದುದರಿಂದ ಆ ಬದಿಗೆ ನಾನು ಅದನ್ನು ಒಯ್ಯಲೇ ಇಲ್ಲ. ಮೇಲಿನಿಂದ ನೋಡಿದಾಗಲೇ ನಮ್ಮ ಎರಡು ಸೆಂಟರ್ ಬ್ಯಾಕ್‌ಗಳ ನಡುವೆ ಎಷ್ಟು ದೊಡ್ಡ ಬಾಗಿಲು ತೆರೆದಿದೆ ಎಂದು ಹುಡುಗರಿಗೇ ಕಂಡಿತು. ನಾನು ಕಿರುಚಿ ಹೇಳುವುದಕ್ಕಿಂತ ಅದು ಬೇಗ ತಲೆಗೆ ಹೋಯಿತು.

ಆಗಸ್ಟ್ ಬಂತು. ಎಲ್ಲರೂ ಹೇಳಿದ ಕಷ್ಟವೂ ಬಂತು. ಕಡಲಲ್ಲಿ ಬಲೆ ಎಳೆಯುತ್ತಾ ಸಾಗುವ ಟ್ರಾಲ್ ಬೋಟಿಗೆ ಹೋಗುವವನು ಹೋದರೆ ಹತ್ತು ದಿನ ಕಾಣುವುದಿಲ್ಲ. ಅಂಥವರನ್ನು ನಾನು ಮೊದಲೇ ಲೀಗ್ ಪಟ್ಟಿಯ ಲೆಕ್ಕದಿಂದ ಹೊರಗಿಟ್ಟು, ಊರಲ್ಲಿದ್ದರೆ ಆಡುವವರು ಎಂದು ಬರೆದುಕೊಂಡಿದ್ದೆ. ಪರ್ಸಿನ್‌ನವರು ಬೆಳಗಾಗುವ ಮೊದಲು ಹೋಗಿ ಸಾಮಾನ್ಯವಾಗಿ ಅದೇ ದಿನ ಬರುತ್ತಾರೆ. ಬಂಗುಡೆ, ಬೂತಾಯಿ ಮೀನು ರಾಶಿ ಬಿದ್ದ ದಿನ ಮಾತ್ರ ಯಾವಾಗ ಬರುತ್ತಾರೆ ಎಂದು ಹೇಳಲಿಕ್ಕಾಗದು. ಅವರಿಗೆ ಸಂಬಳ ಇಲ್ಲ, ಹಿಡಿದದ್ದರಲ್ಲಿ ಪಾಲು. ಪಂದ್ಯಕ್ಕಾಗಿ ಒಂದು ದಿನ ಬಿಟ್ಟರೆ ಪಾಲು ಹೋಯಿತು. ಗೆಸ್ಟ್ ದುಡ್ಡು ಕೆಲಸಕ್ಕೆ ಬಂದದ್ದು ಇಲ್ಲಿ. ಪಂದ್ಯದ ದಿನ ಕಡಲಿಗೆ ಹೋಗದವನಿಗೆ ಪಾಲಿನ ಬದಲಿಗೆ ಕ್ಲಬ್ಬಿನಿಂದ 800 ರೂಪಾಯಿ. ಒಳ್ಳೆಯ ಮೀನು ಸಿಕ್ಕಿದ ದಿನ ಪಾಲು ಅದಕ್ಕಿಂತ ಎಷ್ಟೋ ಜಾಸ್ತಿ, ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಬಂದರು. ಮನೆಗೆ ಬರಿಗೈಯಲ್ಲಿ ಹೋಗಬೇಕಾಗಿಲ್ಲ ಎಂಬಷ್ಟು ಇದ್ದರೆ ಸಾಕು ಅವರಿಗೆ. ಬೋಟು ನಡೆಸುವ ತಂಡೇಲರ ಹತ್ತಿರ ನಾನು ಏನು ಮಾತಾಡಿಕೊಂಡೆ, ಅವರು ಯಾಕೆ ಒಪ್ಪಿದರು ಎಂಬುದು ನನ್ನ ಅವರ ನಡುವೆಯೇ ಇರಲಿ. ಮುಖ ನೋಡಿ ಮಾತಾಡಿ, ಫೋನಲ್ಲಿ ಬೇಡ, ಅಷ್ಟು ಮಾತ್ರ ಹೇಳುತ್ತೇನೆ.

ಒಟ್ಟು ಇಪ್ಪತ್ತನಾಲ್ಕು ಹುಡುಗರ ಪಟ್ಟಿ ಇಟ್ಟಿದ್ದೆ. ನೀವು ಆಟಗಾರರ ಆನ್‌ಲೈನ್ ನೋಂದಣಿಯನ್ನು ಜೂನ್‌ನಲ್ಲೇ ಮುಗಿಸಿಬಿಡಿ. ಒಬ್ಬ ಹುಡುಗನ ಹೆಸರು ಹಳೇ ಕ್ಲಬ್ಬಿನಲ್ಲೇ ಉಳಿದಿತ್ತು, ಅವರು ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಕೊಡಲು ಸತಾಯಿಸಿ ಅವನ ಅರ್ಧ ಸೀಸನ್ ಹಾಳು ಮಾಡಿದರು. ನವರಾತ್ರಿಗೆ ಮೂವರು ಹುಲಿವೇಷದ ತಂಡಕ್ಕೆ ಹೋಗುವವರು. ಆ ದಿನಗಳಲ್ಲಿ ಅವರನ್ನು ಕರೆಯಲೇ ಇಲ್ಲ. ಮುಗಿಸಿ ಬಂದ ಮೇಲೆ ಅವರ ಕಾಲು ನೋಡಬೇಕಿತ್ತು, ಯಾವ ಜಿಮ್‌ನಲ್ಲೂ ಅಂಥ ಕಾಲು ಸಿಗುವುದಿಲ್ಲ.

ಮೊದಲ ಪಂದ್ಯ ಸೋತೆವು. ಮತ್ತೆರಡು ಡ್ರಾ. ಫೋನುಗಳು ಬಂದವು, ಗೆಸ್ಟ್ ಹೆಸರುಗಳೂ ಬಂದವು. ನಾಲ್ಕನೆಯ ಪಂದ್ಯದಲ್ಲಿ ಎದುರಿನವರದ್ದು ಅರ್ಧ ತಂಡ ಗೆಸ್ಟ್. ಹಾಫ್ ಟೈಮ್ ಆದ ಕೂಡಲೇ ಮಳೆ ಹೊಯ್ಯಿತು. ಅವರ ಡಿಫೆಂಡರ್ ಕೀಪರ್‌ಗೆ ಹಿಂದಕ್ಕೆ ತಳ್ಳಿದ ಚೆಂಡು ಪೆನಾಲ್ಟಿ ಬಾಕ್ಸ್‌ನ ಅಂಚಿನ ಗುಂಡಿಯಲ್ಲಿ ನಿಂತಿತು. ನಮ್ಮ ಸ್ಟ್ರೈಕರ್, ಐಸ್ ಬಾಕ್ಸ್ ಹೊರುವ ಹುಡುಗ, ಚೆಂಡು ನಿಲ್ಲುವ ಮೊದಲೇ ಅಲ್ಲಿಗೆ ಓಡಿದ್ದ. ಹಾಫ್ ಟೈಮ್‌ನಲ್ಲಿ ಆ ಗುಂಡಿಯನ್ನು ತೋರಿಸಿ ಹೇಳಿದವನೂ ಅವನೇ. ಒಂದು-ಸೊನ್ನೆ. ಅಲ್ಲಿಂದ ಮುಂದೆ ಒಂದು ಪಂದ್ಯವನ್ನೂ ಸೋಲಲಿಲ್ಲ. ಒಟ್ಟು ಖರ್ಚು ಅಂದಾಜು 85 ಸಾವಿರ, ಬೂಟು, ಚೆಂಡು, ಜೆರ್ಸಿ, ಪಾಲಿನ ದುಡ್ಡು, ಅಭ್ಯಾಸದ ನಂತರದ ಗಂಜಿ-ಚಟ್ನಿ ಎಲ್ಲ ಸೇರಿ. ಹಿಂದಿನ ವರ್ಷ ಒಂದೂಕಾಲು ಲಕ್ಷ ದಾಟಿತ್ತು, ಮತ್ತು ನಾವು ಕೊನೆಯಿಂದ ಎರಡನೆಯವರು.

ಈಗ ಮೇಲಿನ ಡಿವಿಷನ್. ಅಲ್ಲಿ ಗೆಸ್ಟ್‌ಗಳು ಇನ್ನೂ ಗಟ್ಟಿ, ರೆಫರಿಗಳೂ ಬಿಗಿ. ಕೀಪರ್ ಕೈಯಲ್ಲಿ ಚೆಂಡು ಎಂಟು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಎದುರಿನವರಿಗೆ ಕಾರ್ನರ್ ಎಂಬ ನಿಯಮ 2025ರ ಜುಲೈಯಿಂದ ಬಂದಿದೆ, ಕೊನೆಯ ಐದು ಸೆಕೆಂಡ್ ರೆಫರಿ ಕೈ ಎತ್ತಿ ಎಣಿಸುತ್ತಾರೆ. ಒದ್ದೆ ಗ್ಲೌಸಿನಲ್ಲಿ ಚೆಂಡು ಒರೆಸುತ್ತಾ ನಿಲ್ಲುವ ನಮ್ಮ ಕೀಪರ್‌ಗೆ ಅದನ್ನು ರೂಢಿ ಮಾಡಿಸುತ್ತಿದ್ದೇನೆ, ಅಭ್ಯಾಸದಲ್ಲಿ ಎಲ್ಲರೂ ಸೇರಿ ಜೋರಾಗಿ ಎಣಿಸುತ್ತಾರೆ. ಪಾಲಿನ ದುಡ್ಡನ್ನು 1,000ಕ್ಕೆ ಏರಿಸಬೇಕು. ಎರಡನೇ ಕೀಪರ್ ಒಬ್ಬ ಬೇಕು, ಇರುವವನು ಟ್ರಾಲ್ ಬೋಟಿಗೆ ಸೇರುವ ಯೋಚನೆಯಲ್ಲಿದ್ದಾನೆ. ಬೆಂಗ್ರೆ ಕಡೆ ಒಬ್ಬ ಉದ್ದದ ಹುಡುಗ ಇದ್ದಾನೆ ಎಂದು ಕೇಳಿದ್ದೇನೆ. ಭಾನುವಾರ ಹೋಗಿ ಅವನ ಆಟ ನೋಡುತ್ತೇನೆ.