ಮುದಿ ಪುಚ್ಚೆಯ ಕಿಡ್ನಿಗೆ ಮನೆ ಡ್ರಿಪ್: ಮಂಗಳೂರಿನಲ್ಲಿದ್ದುಕೊಂಡೇ ಮಾಡಿದ ಲೆಕ್ಕ

ಹದಿನೈದು ದಾಟಿದ ಬೆಕ್ಕು, ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ಏರುವ ಅಂಕಿ) ಐದರ ಆಸುಪಾಸು, ತೂಕ ಮೂರು ಕಿಲೋಗಿಂತ ಕಡಿಮೆ. ನಮ್ಮೂರಲ್ಲಿ ಇಷ್ಟು ಹೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ವಯಸ್ಸಾಯ್ತಲ್ಲ ಮಾರಾಯ್ರೆ, ಇನ್ನೆಂತ ಮಾಡ್ಲಿಕ್ಕುಂಟು?” ಮನೆಯಲ್ಲೇ ಚರ್ಮದಡಿ ಡ್ರಿಪ್ ಕೊಡುತ್ತೇನೆ ಎಂದಾಗ ನಕ್ಕವರಲ್ಲಿ ಬೆಕ್ಕು ಸಾಕಿ ಪಳಗಿದವರೂ ಇದ್ದರು. ಒಂದೂವರೆ ವರ್ಷದ ಮೇಲಾಯಿತು. ಕ್ರಿಯಾಟಿನಿನ್ ಮೂರರ ಹತ್ತಿರ ನಿಂತಿದೆ, ತೂಕ ಅರ್ಧ ಕಿಲೋದಷ್ಟು ಏರಿದೆ, ಪಕ್ಕದ ಮನೆಯ ಮೀನಿನ ಬುಟ್ಟಿಗೆ ಬಾಯಿ ಹಾಕುವಷ್ಟು ಪೊಗರೂ ಬಂದಿದೆ. ನಕ್ಕವರೇ ಈಗ ಸೂಜಿಯ ನಂಬರ್ ಕೇಳಿ ಫೋನ್ ಮಾಡುತ್ತಾರೆ.

ಮೊದಲ ತಿಂಗಳ ದುಡ್ಡು ಹೆಚ್ಚಿನಂಶ ನೀರಿಗೆ ಹೋಯಿತು. ಕ್ಲಿನಿಕ್ಕಿನಲ್ಲಿ ಮೂರ್ನಾಲ್ಕು ದಿನ ರಕ್ತನಾಳಕ್ಕೆ ಡ್ರಿಪ್ ಹಾಕಿದರೆ ಅಂಕಿ ಇಳಿಯುತ್ತದೆ, ಮನೆಗೆ ಬಂದ ವಾರದಲ್ಲಿ ಮತ್ತೆ ಏರುತ್ತದೆ. ಏರದೆ ಇನ್ನೇನು? ನೀರು ಹಿಡಿದಿಡುವ ಶಕ್ತಿಯೇ ಆ ಕಿಡ್ನಿಗೆ ಇಲ್ಲ. ಒಳಗೆ ಹೋದ ನೀರೆಲ್ಲ ತೆಳು ಮೂತ್ರವಾಗಿ ಹೊರಗೆ ಬರುತ್ತದೆ. ದಿನಾ ಸ್ವಲ್ಪ ಸ್ವಲ್ಪ ತುಂಬಿಸುತ್ತಿದ್ದರೆ ಮಾತ್ರ ಲೆಕ್ಕ ಸರಿಹೋಗುವುದು. ಇದರ ನಡುವೆ ಒಂದು ಕಡೆ “ಮೂತ್ರ ಚೆನ್ನಾಗಿ ಹೋಗಲಿ” ಎಂದು ಫ್ಯೂರೋಸೆಮೈಡ್ ಬರೆದರು. ಮೊದಲೇ ಒಣಗಿದ ಬೆಕ್ಕಿಗೆ ಅದನ್ನು ಕೊಟ್ಟರೆ ಇರುವ ನೀರೂ ಖಾಲಿ. ಇನ್ನೊಂದು ಕಡೆ ಡಿಎನ್‌ಎಸ್ (ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ಬೆರೆತ ಉಪ್ಪುನೀರು) ಬಾಟ್ಲಿಯನ್ನೇ ಚರ್ಮದಡಿ ಹಾಕಲು ಹೊರಟಿದ್ದರು. ಡೆಕ್ಸ್‌ಟ್ರೋಸ್ ಇರುವ ಯಾವ ಬಾಟ್ಲಿಯೂ ಚರ್ಮದಡಿಗೆ ಬೇಡ. ಉರಿಯುತ್ತದೆ, ಕೀವೂ ಆಗಬಹುದು. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್, ಸಕ್ಕರೆಯಿಲ್ಲದ ಲವಣದ ನೀರು) ಬೇಕು.

ಒಳ್ಳೆಯ ಡಾಕ್ಟರನ್ನು ಹುಡುಕುವ ವಿಷಯ. ಕಲಿಸುವ ಆಸ್ಪತ್ರೆ ಬೇಕೆಂದರೆ ನಮಗೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳು. ಕೆಳಗೆ ಹೋದರೆ ತ್ರಿಶ್ಶೂರಿನ ಮಣ್ಣುತ್ತಿ. ಯಾವ ಕಡೆ ಹೊರಟರೂ ದೂರ, ಮೊದಲಿನ ಮೂರಕ್ಕೆ ಘಾಟಿ ಬೇರೆ ಹತ್ತಬೇಕು. ಆಗುಂಬೆಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಮೇಲೆ ತಲುಪಿದ ಬೆಕ್ಕಿನ ಬಿಪಿಯನ್ನೂ ನಂಬುವಂತಿಲ್ಲ, ರಕ್ತದ ಅಂಕಿಯನ್ನೂ ನಂಬುವಂತಿಲ್ಲ. ಮಳೆಗಾಲದಲ್ಲಿ ಶಿರಾಡಿ ಯಾವಾಗ ಬಂದ್ ಆಗುತ್ತದೋ ದೇವರೇ ಬಲ್ಲ. ಆದ್ದರಿಂದ ಬೆಕ್ಕಿನ ಬದಲು ಫೈಲು ಘಾಟಿ ಹತ್ತಲಿ ಎಂದು ತೀರ್ಮಾನಿಸಿದೆ. ತೂಕದ ಪಟ್ಟಿ, ರಕ್ತದ ವರದಿಗಳು ತಾರೀಕಿನ ಸಾಲಿನಲ್ಲಿ, ಸ್ಕ್ಯಾನಿನ ವಿಡಿಯೋ, ಕೊಡುತ್ತಿರುವ ಮದ್ದಿನ ಪಟ್ಟಿ, ಎಲ್ಲ ಒಂದೇ ಪಿಡಿಎಫ್. ದೂರದ ತಜ್ಞರು ಅದನ್ನು ನೋಡಿ ಹೇಳುತ್ತಾರೆ, ಇಲ್ಲಿಯ ಡಾಕ್ಟ್ರು ರಕ್ತ ತೆಗೆದು ಚೀಟಿ ಬರೆಯುತ್ತಾರೆ. ಇಬ್ಬರಿಗೂ ಪರಸ್ಪರ ಗೊತ್ತಿರಬೇಕು, ಕದ್ದುಮುಚ್ಚಿ ಮಾಡಿದರೆ ಕೆಲಸ ಕೆಡುತ್ತದೆ.

ಬೆಕ್ಕನ್ನು ಒಯ್ಯಲೇಬೇಕಾದದ್ದು ಬಿಪಿ, ಸ್ಕ್ಯಾನ್ ಮತ್ತು ಹೃದಯದ ಎಕೋಗೆ. ಅಲ್ಲಿ ಕ್ರಮ ಮುಖ್ಯ. ಮೊದಲು ಬಿಪಿ, ಬುಟ್ಟಿಯಿಂದ ತೆಗೆದು ಹತ್ತು ನಿಮಿಷ ಸುಮ್ಮನೆ ಬಿಟ್ಟ ಮೇಲೆ. ಬಿಪಿ ನೋಡಲು ಸುತ್ತುವ ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ನೂರಕ್ಕೆ 30–40ರಷ್ಟು ಇರಬೇಕು. ಕಿರಿದಾದರೆ ಬಿಪಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಮೊದಲ ಓದು ಬಿಟ್ಟು ಮುಂದಿನ ಐದಾರರ ಸರಾಸರಿ. ಆಮೇಲೆ ಸ್ಕ್ಯಾನ್, ಅದೇ ಹೊತ್ತಿಗೆ ಮೂತ್ರಕೋಶದಿಂದ ಸೂಜಿಯಲ್ಲಿ ಮೂತ್ರ. ರಕ್ತ ಕೊನೆಗೆ. ರಕ್ತ ಮೊದಲು ತೆಗೆದರೆ ಬೆಕ್ಕು ಸಿಟ್ಟಿಗೆದ್ದು ಉಳಿದದ್ದೆಲ್ಲ ಹಾಳು. ಬಿಪಿ 160 ದಾಟಿದರೆ ಮದ್ದಿನ ಮಾತು, 180 ದಾಟಿದರೆ ಕಣ್ಣು ಹೋಗುವ ಭಯ.

ಕ್ರಿಯಾಟಿನಿನ್, ಯೂರಿಯಾ, ಫಾಸ್ಫರಸ್, ಪೊಟ್ಯಾಸಿಯಂ ಇಷ್ಟಕ್ಕೆ ಮನುಷ್ಯರ ಲ್ಯಾಬೇ ಸಾಕು. ವರದಿಯ ಪಕ್ಕದಲ್ಲಿರುವ ‘ನಾರ್ಮಲ್’ ಕಾಲಮ್ಮನ್ನು ಮಾತ್ರ ಕೈಯಿಂದ ಮುಚ್ಚಿಕೊಂಡು ಓದಿ, ಅದು ನಮ್ಮದು, ಬೆಕ್ಕಿನದ್ದಲ್ಲ. ಐರಿಸ್ (ಪ್ರಾಣಿಗಳ ಕಿಡ್ನಿ ರೋಗದ ಅಂತರರಾಷ್ಟ್ರೀಯ ತಜ್ಞರ ಗುಂಪು) ಪಟ್ಟಿಯ ಪ್ರಕಾರ ಬೆಕ್ಕಿಗೆ ಕ್ರಿಯಾಟಿನಿನ್ 1.6ರಿಂದ 2.8 ಎರಡನೇ ಹಂತ, 2.9ರಿಂದ 5 ಮೂರನೇ ಹಂತ, ಅದರ ಮೇಲೆ ನಾಲ್ಕು. ಒಣಗಿರುವಾಗ ತೆಗೆದ ಅಂಕಿಯಿಂದ ಹಂತ ನಿರ್ಧರಿಸಬಾರದು. ಇನ್ನೊಂದು ಗೊಂದಲ: ಒಂದು ಲ್ಯಾಬು ಯೂರಿಯಾ ಬರೆಯುತ್ತದೆ, ಇನ್ನೊಂದು ಬಿಯುಎನ್, ಅಂದರೆ ಅದೇ ಯೂರಿಯಾದ ಸಾರಜನಕದ ಪಾಲು ಮಾತ್ರ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ. ಇದು ತಿಳಿಯದೆ “ವಾರದಲ್ಲಿ ಎರಡು ಪಟ್ಟು ಆಯ್ತು” ಎಂದು ಅತ್ತವರುಂಟು. ರಕ್ತ ಬೇರ್ಪಡಿಸದೆ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಸುತ್ತಿದರೆ ಫಾಸ್ಫರಸ್ ಸುಳ್ಳೇ ಏರುತ್ತದೆ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು ಕ್ಲಿನಿಕ್ಕಿನಲ್ಲೇ ಸೀರಮ್ ಬೇರ್ಪಡಿಸಿಕೊಂಡು ಹೋಗುವುದು ವಾಸಿ.

ಈಗ ಡ್ರಿಪ್. ಎಕೋದಲ್ಲಿ ಹೃದಯ ಸರಿ ಇದೆ ಎಂದಾದ ಮೇಲೆ ಡಾಕ್ಟ್ರು ಬರೆದದ್ದು ದಿನಕ್ಕೆ 100 ಎಂಎಲ್ ಆರ್‌ಎಲ್, ಈಗ ದಿನ ಬಿಟ್ಟು ದಿನ. ಸೂಜಿ 20 ನಂಬರ್, ಒಂದಿಂಚು, ಹಳದಿ ಬುಡ. ಮೆಡಿಕಲ್‌ನಲ್ಲಿ ಬಣ್ಣ ಹೇಳಿ ಕೇಳಬೇಡಿ: ಸೂಜಿಯಲ್ಲಿ 18 ನಂಬರ್ ಗುಲಾಬಿ, ಕ್ಯಾನುಲಾದಲ್ಲಿ (ರಕ್ತನಾಳದೊಳಗೆ ಬಿಡುವ ಪ್ಲಾಸ್ಟಿಕ್ ಕೊಳವೆ) ಗುಲಾಬಿ ಎಂದರೆ 20. ನಂಬರನ್ನೇ ಚೀಟಿಯಲ್ಲಿ ಬರೆದುಕೊಡಿ. 18 ಹಾಕಿದರೆ ಐದು ನಿಮಿಷದ ಒಳಗೆ ಮುಗಿಯುತ್ತದೆ, ಆದರೆ ಚುಚ್ಚುವಾಗ ಗೊತ್ತಾಗುತ್ತದೆ. 23 ಹಾಕಿದರೆ ಬೆಕ್ಕಿಗೂ ನಮಗೂ ಬೇಜಾರು ಬರುವವರೆಗೆ ಕೂರಬೇಕು. ಒಂದು ಸೂಜಿ ಒಂದೇ ಸಲ. ಎರಡನೇ ಸಲಕ್ಕೆ ಮೊನೆ ಮೊಂಡಾಗಿರುತ್ತದೆ, ಬೆಕ್ಕು ಕೂಗುವುದು ಹೆಚ್ಚಾಗಿ ಅದಕ್ಕೇ.

ಬಾಟ್ಲಿಯನ್ನು ಸ್ನಾನದ ಬಿಸಿನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟು ನೋಡಬೇಕು, ಬೆಚ್ಚಗೆ ಸಾಕು. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ತಣ್ಣಗಿರುತ್ತದೆ. ಪರದೆಯ ಸರಳಿಗೆ ನೇತುಹಾಕಿದರೆ ಬೆಕ್ಕಿನಿಂದ ನಾಲ್ಕೈದು ಅಡಿ ಎತ್ತರ ಸಿಗುತ್ತದೆ. ಟ್ಯೂಬಿನ ಗಾಳಿ ಬಿಡಿಸಿ, ಭುಜಗಳ ನಡುವಿನ ಸಡಿಲ ಚರ್ಮವನ್ನು ಡೇರೆಯಂತೆ ಎತ್ತಿ, ಅದರ ಬುಡಕ್ಕೆ, ಬೆನ್ನಿಗೆ ಸಮಾನಾಂತರವಾಗಿ, ಮೊನೆಯ ಓರೆ ಮೇಲ್ಮುಖವಾಗಿ ಚುಚ್ಚುವುದು. ಕೂದಲು ಒದ್ದೆಯಾದರೆ ಸೂಜಿ ಆಚೆ ಬದಿಯಿಂದ ಹೊರಬಂದಿದೆ. ಹನಿ ನಿಂತರೆ ಮೊನೆ ಚರ್ಮಕ್ಕೆ ಒತ್ತಿದೆ, ಕಾಲು ಸುತ್ತು ತಿರುಗಿಸಿದರೆ ಹರಿಯುತ್ತದೆ. ಬಾಟ್ಲಿ ಅರ್ಧವಾದಾಗ ವೇಗ ಕುಗ್ಗುತ್ತಿದ್ದರೆ ಬಾಟ್ಲಿ ಒಳಗೆ ಚಪ್ಪಟೆಯಾಗುತ್ತಿದೆ ಎಂದರ್ಥ. ಗಾಳಿ ಕಿಂಡಿ ಇರುವ ಸೆಟ್ ಕೇಳಿ ತನ್ನಿ. ಬಾಟ್ಲಿಯ ತಲೆಗೆ ಸೂಜಿ ಚುಚ್ಚಿ ಗಾಳಿ ಬಿಡುವ ಪದ್ಧತಿ ಇಲ್ಲಿಯ ಹವೆಗೆ ಆಗುವುದಿಲ್ಲ.

ಬಾಟ್ಲಿಯ ಮೇಲಿನ ಗೆರೆ ನಂಬಿ 100 ಎಂಎಲ್ ಅಳೆದರೆ ಒಮ್ಮೆ 80, ಒಮ್ಮೆ 130. ಇದಕ್ಕೆ ನಾನು ಕಂಡುಕೊಂಡದ್ದು ಅಡುಗೆಮನೆಯ ತಕ್ಕಡಿ: ಮೊದಲು ತೂಗಿ, ಕೊಟ್ಟ ಮೇಲೆ ತೂಗಿ. ಒಂದು ಎಂಎಲ್ ಹೆಚ್ಚುಕಡಿಮೆ ಒಂದು ಗ್ರಾಂ. ಬ್ಯಾಗು ತೂಗುವ ನೇತಾಡುವ ಸ್ಕೇಲಿಗೇ ಬಾಟ್ಲಿ ಕಟ್ಟಿದರೆ ಹರಿಯುತ್ತಿರುವಾಗಲೇ ಕಾಣುತ್ತದೆ, ಆದರೆ ಓದು ಲಾಕ್ ಆಗುವ ಮಾಡೆಲ್ ಬೇಡ, ಟ್ಯೂಬೂ ಜಗ್ಗಬಾರದು. ಸೂಜಿ ಅಲುಗಾಡದಂತೆ ನಿಲ್ಲಿಸಲು ಇನ್ನೊಂದು ಉಪಾಯ ನನ್ನಲ್ಲಿದೆ. ಅದು ಬರೆದು ತಿಳಿಸುವಂಥದ್ದಲ್ಲ, ಮನೆಗೆ ಬಂದರೆ ತೋರಿಸುತ್ತೇನೆ.

ಕೊಟ್ಟ ನೀರು ಗಂಟಾಗಿ ಮುಂಗಾಲಿನ ಕಡೆ ಜಾರುವುದು ಸಹಜ, ಬೆಳಿಗ್ಗೆ ಕೊಟ್ಟದ್ದು ರಾತ್ರಿಯೊಳಗೆ ಕರಗಬೇಕು. ಮರುದಿನವೂ ಉಳಿದಿದ್ದರೆ ಅಂದು ಕೊಡಬಾರದು, ಡಾಕ್ಟ್ರಿಗೆ ಫೋನ್. ನಿದ್ದೆಯಲ್ಲಿರುವಾಗ ಉಸಿರು ಎಣಿಸುವುದು ಕಡ್ಡಾಯ: ನಿಮಿಷಕ್ಕೆ 30 ದಾಟಿದರೆ ಎದೆಯಲ್ಲಿ ನೀರಿರಬಹುದು, ಡ್ರಿಪ್ ನಿಲ್ಲಿಸಿ ಓಡಬೇಕು. “ಹೆಚ್ಚು ಕೊಟ್ಟರೆ ಬೇಗ ಗುಣ” ಎನ್ನುವವರು ಪೊಟ್ಯಾಸಿಯಂ ತೊಳೆದುಹೋಗುವುದನ್ನು ಮರೆಯುತ್ತಾರೆ. ತಲೆ ಎತ್ತಲಾಗದೆ ಗಲ್ಲ ಎದೆಗೆ ಬಾಗಿದ ಬೆಕ್ಕು ಕಂಡರೆ ಅದೇ ಕಾರಣ ಎಂದು ಮೊದಲು ಅನುಮಾನಿಸಿ.

ಕರಾವಳಿಯಲ್ಲಿ ನಿಜವಾದ ಶತ್ರು ಮೀನು. ಮುಳ್ಳು ಸಮೇತ ಬೂತಾಯಿ, ಬಂಗುಡೆ ತಲೆ, ಎಲ್ಲ ಫಾಸ್ಫರಸ್ ಮೂಟೆ, ಸೋತ ಕಿಡ್ನಿಗೆ ಅದನ್ನು ಹೊರಹಾಕಲಾಗುವುದಿಲ್ಲ. ಒಣಮೀನಿನ ಉಪ್ಪಿನ ಮಾತು ಬಿಡಿ. ಮೂರನೇ ಹಂತದಲ್ಲಿ ಫಾಸ್ಫರಸ್ ಐದರ ಒಳಗಿರಬೇಕು, ನಮ್ಮದು ಏಳರ ಮೇಲಿತ್ತು. ರೀನಲ್ ಆಹಾರ (ಕಿಡ್ನಿಯ ಬೆಕ್ಕಿಗೆಂದೇ ಮಾಡಿದ, ಫಾಸ್ಫರಸ್ ಕಡಿಮೆ ಇರುವ ಪೌಚ್) ಮೂಸಿಯೂ ನೋಡಲಿಲ್ಲ. ಹೊಟ್ಟೆ ತೊಳಸುತ್ತಿರುವ ಬೆಕ್ಕಿಗೆ ಹೊಸ ಆಹಾರ ಒತ್ತಿದರೆ ಜನ್ಮಕ್ಕೆ ಅದನ್ನು ಮುಟ್ಟುವುದಿಲ್ಲ. ಮೊದಲು ವಾಂತಿಯ ಮದ್ದು, ಆಮೇಲೆ ಹಸಿವಿನ ಮದ್ದು, ಕೊನೆಗೆ ಆಹಾರ. ಬದಲಾವಣೆಗೆ ನಾನು ಆರಿಸಿಕೊಂಡ ಕಾಲ ಜೂನ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿ ಕಡಲಿಗಿಳಿಯುವಂತಿಲ್ಲ, ಮಾರುಕಟ್ಟೆಯಲ್ಲಿ ಮೀನು ಕಡಿಮೆ, ಮನೆಯಲ್ಲೂ ವಾಸನೆ ಕಡಿಮೆ. ಆಗಸ್ಟ್ ಬರುವಷ್ಟರಲ್ಲಿ ಮುಕ್ಕಾಲು ಪಾಲು ಪೌಚಿಗೆ ಒಗ್ಗಿತ್ತು. ಉಳಿದ ಕಾಲು ಪಾಲು ಬೇಯಿಸಿದ ಮೊಟ್ಟೆಯ ಬಿಳಿ. ಪ್ರೋಟೀನ್ ಇದೆ, ಫಾಸ್ಫರಸ್ ಇಲ್ಲವೆನ್ನುವಷ್ಟು ಕಡಿಮೆ. ಹಳದಿ ಬೇಡ, ಅದರಲ್ಲೇ ಎಲ್ಲ ತುಂಬಿರುವುದು. ಬರೀ ಮನೆ ಅಡುಗೆಯಲ್ಲೇ ಸಾಗಿಸಿದರೆ ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಕೊರತೆಯಾಗಬಹುದು.

ಫಾಸ್ಫರಸ್ ಹಿಡಿಯುವ ಪುಡಿ ಊಟದೊಳಗೆ ಬೆರೆತರೆ ಮಾತ್ರ ಕೆಲಸ, ಖಾಲಿ ಹೊಟ್ಟೆಗೆ ಕೊಟ್ಟರೆ ದಂಡ. ಮನುಷ್ಯರ ಅಸಿಡಿಟಿ ಸಿರಪ್ಪಿನಲ್ಲಿ ಅಲ್ಯುಮಿನಿಯಂ ಹೈಡ್ರಾಕ್ಸೈಡ್ ಇದೆ ಎಂದು ತರುವವರು ಲೇಬಲ್ಲಿನ ಎರಡನೇ ಸಾಲು ಓದಿ: ಹೆಚ್ಚಿನವುಗಳಲ್ಲಿ ಮೆಗ್ನೀಸಿಯಂ ಜೊತೆಗಿರುತ್ತದೆ, ಸೋತ ಕಿಡ್ನಿಗೆ ಅದು ಬೇಡ. ಮೊಟ್ಟೆಯ ಓಡು ಪುಡಿ ಮಾಡಿಯೂ ನೋಡಿದೆ. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಒಂದು ಮಟ್ಟಿಗೆ ಅಂಕಿ ಇಳಿಯಿತು, ಆದರೆ ರಕ್ತದ ಕ್ಯಾಲ್ಸಿಯಂ ಮೇಲಂಚಿಗೆ ಬಂತು, ನಿಲ್ಲಿಸಿದೆ. ಮರುವಾಯಿ ಚಿಪ್ಪು ಇನ್ನೂ ಒಳ್ಳೆಯದು ಎಂದರು ಒಬ್ಬರು. ಚಿಪ್ಪಿನ ಪುಡಿ ಬೇರೆ, ಚಿಪ್ಪು ಸುಟ್ಟ ಸುಣ್ಣ ಬೇರೆ. ಸುಣ್ಣ ತಿನ್ನಿಸಿದರೆ ಬಾಯಿ ಸುಡುತ್ತದೆ. ಪುಡಿಯ ವಾಸನೆ ಮರೆಸಲು ಏನು ಬೆರೆಸುತ್ತೇನೆ ಎಂಬುದು ಸದ್ಯಕ್ಕೆ ಮನೆಯ ಗುಟ್ಟು.

ಇನ್ನೊಂದು ಪ್ರಯೋಗ ಮೂತ್ರದ ಸಾಂದ್ರತೆಯದ್ದು, ಅಂದರೆ ಕಿಡ್ನಿ ಎಷ್ಟು ನೀರು ಹಿಡಿದಿಡುತ್ತದೆ ಎಂಬುದರ ಅಳತೆ. ಬೆಕ್ಕಿನ ಮಲಮೂತ್ರದ ಟ್ರೇಯಲ್ಲಿ ಮರಳಿನ ಬದಲು ತೊಳೆದ ಅಕ್ವೇರಿಯಂ ಕಲ್ಲು ಹಾಕಿದರೆ ಮೂತ್ರ ತಳದಲ್ಲಿ ನಿಲ್ಲುತ್ತದೆ, ಸಿರಿಂಜಿನಲ್ಲಿ ಎಳೆಯಬಹುದು. ಸಿಗಡಿ ಕೆರೆಯವರ ಉಪ್ಪಳೆಯುವ ರಿಫ್ರಾಕ್ಟೋಮೀಟರ್ ಪುಕ್ಕಟೆ ಸಿಕ್ಕಿತು, ಅದರಲ್ಲಿ ಸಾಂದ್ರತೆಯ ಗೆರೆಗಳೂ ಇವೆ. ಆ ಗೆರೆ ಉಪ್ಪುನೀರಿಗೆ ಹೊಂದಿಸಿದ್ದು, ಮೂತ್ರಕ್ಕೆ ತಾಳೆಯಾಗುವುದಿಲ್ಲ. ಮೂತ್ರದ್ದೇ ಬೇರೆ ತರಿಸಿದೆ, ಸಾವಿರದೈನೂರು ರೂಪಾಯಿಯ ಆಸುಪಾಸು. ಸಾಂದ್ರತೆ 1.012ರ ಕೆಳಗೇ ಕೂತಿತ್ತು, ಈಗ 1.015ರ ಸುತ್ತ. ಚಿಕಿತ್ಸೆ ಇದರಿಂದ ಬದಲಾಗಲಿಲ್ಲ, ಆದರೆ ಡ್ರಿಪ್ ಕೊಟ್ಟ ಮರುದಿನದ ಓದಿಗೆ ಬೆಲೆ ಇಲ್ಲ ಎಂದು ಗೊತ್ತಾಯಿತು.

ಮಾತ್ರೆಗಳು ಅಗ್ಗ, ಕತ್ತರಿಸುವುದೇ ಕಷ್ಟ. ಬಿಪಿಗೆ ಆಮ್ಲೊಡಿಪಿನ್ 2.5ರ ಕಾಲು ಭಾಗ ದಿನಕ್ಕೊಮ್ಮೆ. ಹಸಿವಿಗೆ ಮಿರ್ಟಾಜಪಿನ್ 7.5ರ ಕಾಲು ಭಾಗ, ಕಿಡ್ನಿಯ ಬೆಕ್ಕಿಗೆ ದಿನ ಬಿಟ್ಟು ದಿನ. ಅಂಗಡಿಯವರು 7.5 ಇಲ್ಲವೆಂದು 15 ಕೊಟ್ಟರೆ ಕಾಲು ಮಾಡಿದ್ದೂ ಇಮ್ಮಡಿಯಾಗುತ್ತದೆ, ರಾತ್ರಿಯಿಡೀ ಕೂಗಿ ಕೇರಿ ಎಬ್ಬಿಸುತ್ತದೆ. ಎರಡೂ ಚೀಟಿಯ ಮದ್ದು. ಜ್ವರ, ನೋವು ಎಂದು ಪ್ಯಾರಾಸಿಟಮಾಲ್ ಚೂರೂ ಕೊಡಬಾರದು, ಬೆಕ್ಕು ಸಾಯುತ್ತದೆ.

ಖರ್ಚು: ಮೊದಲ ತಿಂಗಳು ಹದಿನೆಂಟು ಸಾವಿರ ದಾಟಿತ್ತು. ಕ್ಲಿನಿಕ್ಕಿನಲ್ಲಿ ಒಂದು ಡ್ರಿಪ್‌ಗೆ ಐನೂರು, ರಿಕ್ಷಾ ಬೇರೆ. ಮನೆಯಲ್ಲಿ ಬಾಟ್ಲಿ, ಸೆಟ್, ಸೂಜಿ ಸೇರಿ ಒಂದು ಸಲಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ. ಮಳೆಗಾಲದಲ್ಲಿ ತೆರೆದ ಬಾಟ್ಲಿ ವಾರದ ಮೇಲೆ ಇಡದೆ ಚೆಲ್ಲುವುದರಿಂದ ಇನ್ನಷ್ಟು. ಈಗ ತಿಂಗಳಿಗೆ ನಾಲ್ಕು ಸಾವಿರದ ಒಳಗೆ, ಅದರಲ್ಲಿ ಮುಕ್ಕಾಲು ಪೌಚಿನದ್ದೇ.

ಬಾಕಿ ಉಳಿದಿರುವುದು ರಕ್ತಹೀನತೆ. ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು, ನೂರಕ್ಕೆ) 24ರ ಸುತ್ತ ಇದೆ, 20ರ ಹತ್ತಿರ ಬಂದರೆ ಕೆಂಪುಕಣ ಹೆಚ್ಚಿಸುವ ಚುಚ್ಚುಮದ್ದು ಡಾರ್ಬೆಪೊಯೆಟಿನ್ ಶುರು ಮಾಡುವ ಮಾತಾಗಿದೆ, ಜೊತೆಗೆ ಕಬ್ಬಿಣ. ಕಿಲೋಗೆ ಒಂದು ಮೈಕ್ರೋಗ್ರಾಂನಂತೆ ವಾರಕ್ಕೆ ಬೇಕಾದದ್ದು ಮೂರು ಚಿಲ್ಲರೆ, ಮನುಷ್ಯರ ಸಿರಿಂಜಿನಲ್ಲಿ ಬರುವುದು 25. ಉಳಿದದ್ದು ಚೆಲ್ಲದಂತೆ, ಹಾಳಾಗದಂತೆ ಹೇಗೆ ಹಂಚಿಕೊಳ್ಳುವುದೆಂದು ಡಾಕ್ಟ್ರ ಜೊತೆ ಮಾತು ನಡೆದಿದೆ. ಉಡುಪಿ ಕಡೆ ಇದೇ ಹಂತದ ಬೆಕ್ಕು ಇಟ್ಟುಕೊಂಡು ಡಾರ್ಬೆಪೊಯೆಟಿನ್ ಕೊಟ್ಟವರಿದ್ದರೆ, ಅದರಿಂದ ಬಿಪಿ ಎಷ್ಟು ಏರಿತು ಎಂಬುದನ್ನು ಮೊದಲು ಹೇಳಿ.