ರಿಜಿಸ್ಟ್ರಿಯಲ್ಲಿ ಒಂದು ಸಾಲು ಅಳಿಸಿದೆ, ಕೀಬೋರ್ಡ್ ನಿಂತೇಹೋಯಿತು

ಅಪ್ಪನ ಷಷ್ಟ್ಯಬ್ದಿಯ ವಿಡಿಯೊ ನಮ್ಮಲ್ಲಿರುವುದು ಒಂದೇ ಒಂದು ಡಿವಿಡಿಯಲ್ಲಿ. ಅದು ಕೆಡುವ ಮೊದಲು ಹಾರ್ಡ್ ಡಿಸ್ಕಿಗೆ ಹಾಕಿಡೋಣ ಅಂತ ಹಳೇ ಡೆಸ್ಕ್‌ಟಾಪ್ ಆನ್ ಮಾಡಿದೆ. ಅದರಲ್ಲಿರುವುದು ವಿಂಡೋಸ್ 10. ಡಿವಿಡಿ ಟ್ರೇ ಸರಿಯಾಗಿ ಹೊರಗೆ ಬರುತ್ತಿತ್ತು, ಆದರೆ 'ದಿಸ್ ಪಿಸಿ'ಯಲ್ಲಿ ಡ್ರೈವ್ ಕಾಣಲೇ ಇಲ್ಲ.

ಇದಕ್ಕೊಂದು ಹಳೆಯ ಪರಿಹಾರ ಇದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಜಾಗಕ್ಕೆ ರಿಜಿಸ್ಟ್ರಿ ಅಂತಾರೆ. ಡಿವಿಡಿ ಬರೆಯುವ ಕೆಲವು ಸಾಫ್ಟ್‌ವೇರ್‌ಗಳು ರಿಜಿಸ್ಟ್ರಿಯಲ್ಲಿ 'ಅಪ್ಪರ್‌ಫಿಲ್ಟರ್ಸ್', 'ಲೋವರ್‌ಫಿಲ್ಟರ್ಸ್' ಎಂಬ ಸಾಲುಗಳಲ್ಲಿ ತಮ್ಮ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ಪುಟ್ಟ ಪ್ರೋಗ್ರಾಂ, ಅದರ ಹೆಸರು ಸೇರಿಸುತ್ತವೆ. ಸಾಫ್ಟ್‌ವೇರ್ ತೆಗೆದ ಮೇಲೂ ಹೆಸರು ಉಳಿದುಬಿಟ್ಟರೆ, ವಿಂಡೋಸ್ ಇಲ್ಲದ ಡ್ರೈವರನ್ನು ಹುಡುಕುತ್ತದೆ. ಸಿಗದಿದ್ದರೆ ಡ್ರೈವನ್ನೇ ಶುರು ಮಾಡುವುದಿಲ್ಲ. ಆ ಎರಡು ಸಾಲು ಅಳಿಸಿದರೆ ಸರಿಹೋಗುತ್ತದೆ.

ನಾನು ತಪ್ಪಿದ್ದು ಇಲ್ಲೇ. ರಿಜಿಸ್ಟ್ರಿಯ 'ಕಂಟ್ರೋಲ್' ಒಳಗಿನ 'ಕ್ಲಾಸ್' ಫೋಲ್ಡರಿನಲ್ಲಿ ಒಂದೊಂದು ಬಗೆಯ ಸಾಧನಕ್ಕೂ ಉದ್ದುದ್ದ ನಂಬರಿನ ಒಂದೊಂದು ಫೋಲ್ಡರ್ ಇರುತ್ತದೆ. ಡಿವಿಡಿ ಡ್ರೈವಿನದು 4ಡಿ36ಇ965 ಎಂದು ಶುರುವಾಗುತ್ತದೆ. ಕೀಬೋರ್ಡಿನದು 4ಡಿ36ಇ96ಬಿ. ಅಲ್ಲಿಂದ ಮುಂದೆ ಎರಡೂ ಒಂದೇ. ಪಟ್ಟಿಯಲ್ಲಿ ನಾಲ್ಕೈದು ಸಾಲಿನ ಅಂತರ ಅಷ್ಟೇ. ನಾನು 96ಬಿ ತೆರೆದು ಅಲ್ಲಿದ್ದ ಅಪ್ಪರ್‌ಫಿಲ್ಟರ್ಸ್ ಅಳಿಸಿಬಿಟ್ಟೆ. ರಿಜಿಸ್ಟ್ರಿ ಎಡಿಟರಿನಲ್ಲಿ ಅನ್‌ಡೂ ಇಲ್ಲ. ರಿಸ್ಟಾರ್ಟ್ ಮಾಡುವವರೆಗೆ ಕೀಬೋರ್ಡ್ ಕೆಲಸ ಮಾಡುತ್ತಲೇ ಇತ್ತು, ಹಾಗಾಗಿ ಅನುಮಾನವೂ ಬರಲಿಲ್ಲ.

ರಿಸ್ಟಾರ್ಟ್ ಆಯಿತು. ಪಿನ್ ಹಾಕಲು ಹೋದರೆ ಒಂದು ಅಂಕಿಯೂ ಬೀಳುತ್ತಿಲ್ಲ. ವೈರ್ ಕಿತ್ತು ಬೇರೆ ಯುಎಸ್‌ಬಿಗೆ ಹಾಕಿದೆ. ಪಕ್ಕದ ಮನೆಯಿಂದ ಇನ್ನೊಂದು ಕೀಬೋರ್ಡ್ ತಂದೆ. ಅದೂ ಇಲ್ಲ. ಡಿಸ್ಕಿನಲ್ಲಿ ಹತ್ತು ವರ್ಷದ ಫೋಟೊಗಳಿದ್ದವು. ನಿಜವಾಗಿ ಕೈ ನಡುಗಿತು.

ದಾರಿ ತೋರಿಸಿದ್ದು ಬಯೋಸ್, ಅಂದರೆ ವಿಂಡೋಸಿಗಿಂತ ಮೊದಲು ಶುರುವಾಗುವ ಕಂಪ್ಯೂಟರಿನದೇ ಪ್ರೋಗ್ರಾಂ. ಕಂಪ್ಯೂಟರ್ ಆನ್ ಆಗುವಾಗ ಎಫ್2 ಒತ್ತಿದೆ, ಬಯೋಸ್ ತೆರೆಯಿತು. ಅಲ್ಲಿ ಬಾಣದ ಕೀಗಳೆಲ್ಲ ಚೆನ್ನಾಗಿಯೇ ಕೆಲಸ ಮಾಡಿದವು. ಅಂದರೆ ಕೀಬೋರ್ಡೂ ಸರಿ, ಪೋರ್ಟೂ ಸರಿ. ವಿಂಡೋಸ್ ಬಂದ ಮೇಲೆ ಮಾತ್ರ ತೊಂದರೆ. ಆಗ ಅಳಿಸಿದ ಸಾಲು ನೆನಪಾಯಿತು.

ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ತರುವ ಸಿಸ್ಟಮ್ ರಿಸ್ಟೋರ್ ನನಗೆ ಸಿಗಲಿಲ್ಲ, ಅದು ಆಫ್ ಆಗಿತ್ತು. ಆದರೆ ಮೌಸ್ ಜೀವಂತವಾಗಿತ್ತು. ಮೌಸಿನ ಫೋಲ್ಡರ್ ಬೇರೆ, ಅಲ್ವಾ! ಲಾಗಿನ್ ಪರದೆಯ ಬಲಗಡೆ ಕೆಳಗೆ 'ಈಸ್ ಆಫ್ ಆಕ್ಸೆಸ್' ಚಿತ್ರ ಇರುತ್ತದೆ. ಅದನ್ನು ಒತ್ತಿ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದೆ. ಒಂದೊಂದೇ ಅಂಕಿ ಕ್ಲಿಕ್ ಮಾಡಿ ಒಳಗೆ ಹೋದೆ. ಆ ಕ್ಷಣದ ನೆಮ್ಮದಿ ಹೇಳಲಾರೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ರನ್, ರೆಜ್‌ಎಡಿಟ್. ಟೈಪ್ ಮಾಡಿದ್ದೆಲ್ಲ ಆನ್-ಸ್ಕ್ರೀನ್ ಕೀಬೋರ್ಡಿನಲ್ಲೇ. ರಿಜಿಸ್ಟ್ರಿ ಎಡಿಟರ್ ತೆರೆಯಿತು. ಮತ್ತೆ 96ಬಿ ಫೋಲ್ಡರ್. ಬಲಬದಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ನ್ಯೂ' ಒಳಗಿನ 'ಮಲ್ಟಿ-ಸ್ಟ್ರಿಂಗ್ ವ್ಯಾಲ್ಯೂ' ಆರಿಸಿದೆ. ಅದೇ ಪಟ್ಟಿಯಲ್ಲಿ ಮೇಲೆ ಬರೀ 'ಸ್ಟ್ರಿಂಗ್ ವ್ಯಾಲ್ಯೂ' ಅಂತಲೂ ಇರುತ್ತದೆ, ಅದಲ್ಲ. ಹೆಸರು ಅಪ್ಪರ್‌ಫಿಲ್ಟರ್ಸ್, ನಡುವೆ ಜಾಗ ಬಿಡಬಾರದು. ಡಬಲ್ ಕ್ಲಿಕ್ ಮಾಡಿ ಒಳಗೆ ಕೆಬಿಡಿಕ್ಲಾಸ್ ಅಂತ ಇಂಗ್ಲಿಷಿನಲ್ಲಿ ಸೇರಿಸಿ ಬರೆದೆ. ಅದು ವಿಂಡೋಸಿನದೇ ಕೀಬೋರ್ಡ್ ಡ್ರೈವರ್. ಅದಿಲ್ಲದೆ ಯಾವ ಕೀಬೋರ್ಡ್ ಹಾಕಿದರೂ ವಿಂಡೋಸಿಗೆ ಅಕ್ಷರ ತಲುಪುವುದಿಲ್ಲ. ಓಕೆ ಒತ್ತಿ ರಿಸ್ಟಾರ್ಟ್ ಮಾಡಿದೆ. ಪಿನ್ ಬಿತ್ತು!

ಡಿವಿಡಿ ಕೆಲಸ ಬಾಕಿ ಇತ್ತಲ್ಲ. ಈ ಸಲ 965 ತೆರೆದು ಮೊದಲು ಬಲಬದಿಯ 'ಕ್ಲಾಸ್' ಸಾಲು ಓದಿದೆ. ಸಿಡಿರಾಮ್ ಅಂತಲೇ ಇತ್ತು. ಕೀಬೋರ್ಡಿನ ಫೋಲ್ಡರಿನಲ್ಲಿ ಅದೇ ಜಾಗದಲ್ಲಿ ಕೀಬೋರ್ಡ್ ಅಂತ ಇರುತ್ತದೆ. ಮೊದಲೇ ನೋಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಆಮೇಲೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸ್‌ಪೋರ್ಟ್' ಕೊಟ್ಟೆ, ಫೈಲ್ ಪೆನ್‌ಡ್ರೈವಿಗೆ ಹಾಕಿಕೊಂಡೆ. ಏನಾದರೂ ಕೆಟ್ಟರೆ ಆ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅಳಿಸಿದ ಸಾಲು ವಾಪಸ್ ಬರುತ್ತದೆ. ಅದಾದ ಮೇಲೆಯೇ ಎರಡೂ ಸಾಲು ಅಳಿಸಿದೆ.

ರಿಸ್ಟಾರ್ಟ್ ಆದಾಗ ಡ್ರೈವ್ ಬಂದಿತ್ತು. ಅಮ್ಮನನ್ನು ಕರೆದೆ. ಕಾಪಿ ಆಗುವವರೆಗೂ ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದರು.